ಸಂತೆಯ ಚೀಲ ಗೂಟಕ್ಕೆ ಹಾಕಿದ ಮೇಲೆ

ನನ್ನ ಭಾವನವರು ನನ್ನನ್ನು ಕಳ್ಳಿ ಎಂದದ್ದು ನಮ್ಮ ಮನೆಯ ಅಂಗಳದಲ್ಲಿ, ಬೆಳಗಿನ ಹೊತ್ತು, ಹಾಲು ಹಾಕಲು ಬಂದು ನಿಂತಿದ್ದ ಅರ್ಧ ಓಣಿಯ ಮುಂದೆ. ಮನೆಯೊಳಗೆ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಒಳಗೆ ಅಂದದ್ದನ್ನು ನುಂಗಿ ನುಂಗಿ ನನಗೆ ರೂಢಿಯಾಗಿತ್ತು. ಇದನ್ನು ನುಂಗಲಿಲ್ಲ. ಇವತ್ತಿಗೂ ನುಂಗಿಲ್ಲ. ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡರೆ ಮೈಗೆ ಒಳ್ಳೆಯದಲ್ಲ ಎಂದು ನನ್ನ ಮಗಳು ಹೇಳುತ್ತಾಳೆ. ನನಗಂತೂ ಅದರಿಂದ ಏನೂ ಕೆಡುಕಾಗಿಲ್ಲ. ಚೆನ್ನಾಗಿ ಉಣ್ಣುತ್ತೇನೆ, ಮಲಗಿದ ಕೂಡಲೇ ನಿದ್ದೆ ಬರುತ್ತದೆ.

ನಮ್ಮದು ಹಾರೂಗೇರಿಯ ಹತ್ತಿರದ ಊರು, ನೀರಾವರಿ ಭೂಮಿ. ನಾನು ಈ ಮನೆಗೆ ಸಣ್ಣ ಸೊಸೆಯಾಗಿ ಬರುವ ಹೊತ್ತಿಗೆ ಕಬ್ಬು ಹಿತ್ತಲ ಬಾಗಿಲಿನ ತನಕ ಬಂದಿತ್ತು. ನನ್ನ ಗಂಡನ ಅಣ್ಣ, ಅಂದರೆ ಈ ಭಾವ, ಒಂದು ಗೇಣು ಭೂಮಿಯನ್ನೂ ಖಾಲಿ ಬಿಡುವ ಜಾತಿಯವರಲ್ಲ. ಜೋಳ ಬಿತ್ತುತ್ತಿದ್ದ ಹೊಲಕ್ಕೂ ಕಬ್ಬು, ಬದನೆ ಮೆಣಸಿನಕಾಯಿ ಹಾಕುತ್ತಿದ್ದ ಮಡಿಗೂ ಕಬ್ಬು. ಬದುವಿನ ಮೇಲೆ ನಾಲ್ಕು ತೊಗರಿ ಗಿಡ ಹಚ್ಚೋಣ ಎಂದು ಅತ್ತೆ ಒಮ್ಮೆ ಅಂದದ್ದಕ್ಕೆ, "ತೊಗರಿ ಮಾರಿ ಟ್ರ್ಯಾಕ್ಟರ್ ತಗೋಳಾಕ ಆಕ್ಕೈತೇನ ಬೇ?" ಎಂದು ನಕ್ಕಿದ್ದರು. ಟ್ರ್ಯಾಕ್ಟರೇನೋ ಬಂತು. ಅದನ್ನು ತಟ್ಟೆಗೆ ಬಡಿಸಲು ಬರುವುದಿಲ್ಲ.

ಹೊರಗಿನವರ ಕಣ್ಣಿಗೆ ನಾವು ಕಬ್ಬಿನ ಸಾಹುಕಾರರು. ಒಳಗೆ ನೋಡಿದರೆ ಹದಿನಾಲ್ಕು ಬಾಯಿ, ಮತ್ತು ತಿನ್ನುವುದೆಲ್ಲ ಕೊಂಡು ತರಬೇಕು. ಕಬ್ಬಿನ ಬಿಲ್ಲು ಬರುವುದು ಕಂತು ಕಂತಾಗಿ. ಬಂದದ್ದು ಟ್ರ್ಯಾಕ್ಟರಿನ ಹಪ್ತೆಗೂ ಗೊಬ್ಬರದ ಅಂಗಡಿಗೂ ನೇರ ಹೋಗಿಬಿಡುತ್ತಿತ್ತು. ಅಡಿಗೆಮನೆಗೆ ಉಳಿಯುತ್ತಿದ್ದದ್ದು ಡೇರಿಯವರು ವಾರಕ್ಕೊಮ್ಮೆ ಕೊಡುವ ಹಾಲಿನ ದುಡ್ಡು ಒಂದೇ. ಎಮ್ಮೆ ಹಿಂಡುವವಳು ನಾನು, ದುಡ್ಡು ಇಸಿದುಕೊಳ್ಳುವವರು ಭಾವ. ಸಂತೆಯ ದಿನ ಅವರು ಕಟ್ಟೆಯ ಮೇಲೆ ಕೂತು ನನ್ನನ್ನು ಕರೆಯುತ್ತಿದ್ದರು. ನಾನು ಚೀಲ ಹಿಡಿದು ಎದುರಿಗೆ ನಿಲ್ಲಬೇಕು. "ಹ್ವಾದ ವಾರದ್ದು ಇಷ್ಟ ಲಗೂ ಹೆಂಗ ಮುಗೀತ?" ಎಂದು ಕೇಳುತ್ತಿದ್ದರು. ಹದಿನಾಲ್ಕು ಮಂದಿ ಉಂಡರೆ ಮುಗಿಯುತ್ತದೆ ಎಂದು ಹೇಳಲು ನನಗೆ ಬಾಯಿ ಇರಲಿಲ್ಲ. ನೆಲ ನೋಡಿಕೊಂಡು ನಿಲ್ಲುತ್ತಿದ್ದೆ. ಕೊಟ್ಟಷ್ಟನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದೆ.

ಆ ದುಡ್ಡಿನಲ್ಲಿ ವಾರ ದಾಟಿಸುವುದು ನನಗೆ ಗೊತ್ತಿತ್ತು. ಸಂತೆಗೆ ಹೊತ್ತು ಮುಳುಗುವಾಗ ಹೋಗಬೇಕು. ದೂರದೂರಿನಿಂದ ಬಂದವರು ಉಳಿದದ್ದನ್ನು ಹೊತ್ತುಕೊಂಡು ತಿರುಗಿ ಹೋಗಲಾರದೆ ಬುಟ್ಟಿ ಸುರಿದು ಕೊಟ್ಟುಬಿಡುತ್ತಾರೆ. ಪೆಟ್ಟು ತಿಂದ ಟೊಮೆಟೊ ಸಾರಿಗೆ ಆಗುತ್ತದೆ, ಹುಳ ಹಿಡಿದ ಬದನೆಕಾಯಿಯಲ್ಲಿ ಅರ್ಧವಾದರೂ ಗಟ್ಟಿ ಇರುತ್ತದೆ. ಬೇಳೆ ಕುದಿಸಿದ ಕಟ್ಟು ಒಂದು ಹೊತ್ತಿಗೆ, ಅದೇ ಬೇಳೆಗೆ ಪುಂಡಿಪಲ್ಲೆ ಸೇರಿಸಿದರೆ ಇನ್ನೊಂದು ಹೊತ್ತಿಗೆ. ಪಲ್ಯ ಏನೂ ಇಲ್ಲದ ದಿನ ಜುಣಕ. ಕಡಲೆಹಿಟ್ಟೂ ಇಲ್ಲದ ದಿನ ಶೇಂಗಾ ಹಿಂಡಿ, ಬೆಳ್ಳುಳ್ಳಿ ಖಾರ. ರೇಷನ್ ಅಕ್ಕಿಯ ಅನ್ನಕ್ಕೆ ಮಜ್ಜಿಗೆ ಎಷ್ಟು ತೆಳ್ಳಗಿದ್ದರೂ ನಡೆಯುತ್ತದೆ. ಇದನ್ನೆಲ್ಲ ನಾನು ಜಾಣತನ ಎಂದು ಹೇಳಿಕೊಳ್ಳುತ್ತಿಲ್ಲ. ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ ಇದು.

ಆದರೆ ಏನು ಮಾಡಿದರೂ ಜೋಳಕ್ಕೆ ಮಾತ್ರ ದುಡ್ಡು ಸಾಲುತ್ತಿರಲಿಲ್ಲ. ದುಡಿಯುವ ಗಂಡಸರಿಗೆ ರೊಟ್ಟಿ ಬೇಕೇ ಬೇಕು, ಅದೂ ಹೊಟ್ಟೆ ತುಂಬ. ಆ ತೂತನ್ನು ಮುಚ್ಚುತ್ತಿದ್ದದ್ದು ನನ್ನ ತವರು. ನನ್ನ ತವರೂರು ಅಥಣಿಯ ಆಚೆ, ಮಳೆಯನ್ನೇ ನಂಬಿದ ಎರೆಭೂಮಿ. ಅಲ್ಲಿ ಕಬ್ಬಿಲ್ಲ, ಹಿಂಗಾರಿ ಬಿಳಿಜೋಳ. ಸಾಹುಕಾರರ ಮನೆಗೆ ಕೊಟ್ಟಿದ್ದೇವೆ ಎಂದು ಅವರು ನನ್ನನ್ನು ಹೊಗಳಿಕೊಂಡು ತಿರುಗುತ್ತಿದ್ದರು. ನನ್ನ ತಮ್ಮನಿಗೆ ಮಾತ್ರ ಒಳಗಿನ ಕಥೆ ಗೊತ್ತಿತ್ತು. ಎರಡು ಮೂರು ತಿಂಗಳಿಗೊಮ್ಮೆ ಮೋಟರ್ ಸೈಕಲ್ ಗಾಡಿಯ ಮೇಲೆ ಜೋಳದ ಚೀಲ ಹೇರಿಕೊಂಡು ಬರುತ್ತಿದ್ದ. "ಅಕ್ಕನ ಕೈ ರೊಟ್ಟಿ ಉಣ್ಣಾಕ ಬಂದೇನ್ರಿ" ಎನ್ನುತ್ತಿದ್ದ. ಚೀಲದ ಮಾತು ಅವನೂ ಎತ್ತುತ್ತಿರಲಿಲ್ಲ, ಭಾವನೂ ಕೇಳುತ್ತಿರಲಿಲ್ಲ. ನೋಡುತ್ತಿದ್ದರು, ಆ ಜೋಳದ ರೊಟ್ಟಿಯನ್ನೇ ಮುರಿದು ಉಣ್ಣುತ್ತಿದ್ದರು. ಹೊರಗೆ ಹೋಗಿ, "ನಮ್ಮ ಮನ್ಯಾಗ ರೊಟ್ಟಿಗೆ ಎಂದೂ ಕಮ್ಮಿ ಇಲ್ಲ ನೋಡ್ರಿ" ಎಂದು ಮೀಸೆ ತಿರುವುತ್ತಿದ್ದರು.

ಇನ್ನೊಂದು ಮಾತು ಹೇಳಬೇಕು. ತವರಿನಿಂದ ತುಂಬಿ ಬಂದ ಚೀಲವನ್ನು ನಾವು ಬರಿದಾಗಿ ತಿರುಗಿ ಕಳಿಸುವುದಿಲ್ಲ. ಒಂದು ಹಿಡಿ ಕಾಳೋ, ಒಂದು ತೆಂಗಿನಕಾಯಿಯೋ, ಏನಾದರೂ ಒಂದು ಅದರ ಮೂಲೆಯಲ್ಲಿ ಇಟ್ಟು ಕಳಿಸಬೇಕು. ಬರಿ ಚೀಲ ಕಳಿಸಿದರೆ ಕೊಟ್ಟ ಮನೆಗೆ ಒಳ್ಳೆಯದಲ್ಲ ಎಂದು ನನಗೆ ಹೇಳಿಕೊಟ್ಟವರು ಇದೇ ಮನೆಯ ಅತ್ತೆ. ಅವರ ಇಬ್ಬರು ಮಕ್ಕಳಿಗೂ ಅದು ಗೊತ್ತು. ಅವರು ಹುಡುಗರಾಗಿದ್ದಾಗ ಅಂಥ ಚೀಲಗಳನ್ನು ಸೋದರಮಾವನ ಊರಿಗೆ ಹೊತ್ತು ಮುಟ್ಟಿಸಿದವರೇ.

ಆ ಬೆಳಿಗ್ಗೆ ನನ್ನ ತಮ್ಮ ಹೊರಟು ನಿಂತಿದ್ದ. ಹಿಂದಿನ ದಿನ ತಂದಿದ್ದ ಜೋಳವನ್ನು ನಾನು ಡಬ್ಬಿಗೆ ಸುರಿದುಕೊಂಡು, ಚೀಲವನ್ನು ಮಡಚಿ, ಒಳಗೆ ನಮ್ಮ ಗಾಣದ ಒಂದು ಪೆಂಟೆ ಬೆಲ್ಲ ಇಟ್ಟು ಅವನ ಗಾಡಿಯ ಹಿಂದೆ ಕಟ್ಟಿದ್ದೆ. ನಮ್ಮ ಕಟ್ಟೆಯ ಮೇಲೆಯೇ ಓಣಿಯ ಹಾಲು ಅಳೆಯುತ್ತಾರೆ. ಆ ಹೊತ್ತಿಗೆ ಮಂದಿ ಸೇರಿರುತ್ತದೆ. ಅವರಲ್ಲೊಬ್ಬ ಮುದುಕ ಚೀಲ ನೋಡಿ ಭಾವನನ್ನು ಕೆಣಕಿದ.

"ಏನ್ರಿ ಸಾವ್ಕಾರ, ಹೊಲದಾಗ ನೋಡಿದ್ರ ಕಬ್ಬ ಕಬ್ಬ. ಉಣ್ಣಾಕ ಸೊಸಿ ತವರಮನಿ ಜ್ವಾಳ ಬೇಕಾ?"

ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ, ಹಾಲಿನ ಹೊತ್ತಿನ ತಮಾಷೆ. ಭಾವನೂ ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ತರೂದೆಲ್ಲೈತ್ರಿ ಕಾಕಾ, ಒಯ್ಯೂದ ಐತಿ" ಎಂದವರೇ ಗಾಡಿಯ ಹತ್ತಿರ ಹೋಗಿ ಚೀಲ ಬಿಚ್ಚಿ ಕೊಡವಿದರು. ಬೆಲ್ಲ ನೆಲಕ್ಕೆ ಬಿತ್ತು. "ನೋಡ್ರಿ ಇಲ್ಲಿ. ವಾರಾ ವಾರಾ ಸಂತಿ ರೊಕ್ಕ ಎಲ್ಲಿ ಹೊಕ್ಕೈತಿ ಅಂತ ನಾ ತಲಿ ಕೆಡಿಸ್ಕೊಂಡಿದ್ದೆ. ಮನ್ಯಾಗ ಕಳ್ಳಿನ ಸಾಕೇವಿ ಅಂತ ಇವತ್ತ ಗೊತ್ತಾತ."

ಯಾರೂ ನಗಲಿಲ್ಲ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ನನ್ನ ಗಂಡ ಎಮ್ಮೆಯ ಮೈ ತೊಳೆಯುತ್ತಿದ್ದರು, ತೊಳೆಯುತ್ತಲೇ ಇದ್ದರು. ನನ್ನ ತಮ್ಮ ಬೆಲ್ಲವನ್ನು ಎತ್ತಿ, ಮಣ್ಣು ಒರೆಸಿ, ಕಟ್ಟೆಯ ಮೇಲೆ ಇಟ್ಟ. "ಬರ್ತೇನಕ್ಕಾ" ಎಂದ. ಗಾಡಿ ಹೊಡೆದುಕೊಂಡು ಹೋದ. ಆಮೇಲೆ ಅವನು ಬರಲೇ ಇಲ್ಲ. ಫೋನು ಮಾಡಿದರೆ, "ನಿಮ್ಮ ಭಾವ ಬಂದ ಕರದ್ರ ಬರ್ತೇನಿ, ಇಲ್ಲಾಂದ್ರ ಇಲ್ಲ" ಎಂದು ಇಟ್ಟುಬಿಟ್ಟ.

ನಾನು ಅಳುತ್ತಾ ಕೂತೆನೆಂದು ಯಾರೂ ತಿಳಿಯಬಾರದು. ಆ ದಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಒಂದೊಂದು ಬಡಿತವೂ ಭಾವನ ಬೆನ್ನಿಗೆ ಬೀಳುತ್ತಿದೆ ಎಂದುಕೊಂಡು ಬಡಿದೆ. ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಹೆದರಿ ದೂರ ಕೂತಿದ್ದಳು. ನನ್ನ ಗಂಡ ಊಟಕ್ಕೆ ಬಂದಾಗ, "ಬಿಡ, ಅಣ್ಣನ ಬಾಯಿ ಹಂಗ ಐತಿ" ಎಂದರು. ಅಣ್ಣನ ಬಾಯಿ ಹಾಗಿದ್ದರೆ ಆ ಬಾಯಿಗೆ ಏನು ಹಾಕಬೇಕೆಂದು ನಾನು ನೋಡಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲಿಯೇ ಅಂದುಕೊಂಡೆ.

ಮುಂದಿನ ಸಂತೆಯ ದಿನ ಭಾವ ಎಂದಿನಂತೆ ಕರೆದರು. ನಾನು ಚೀಲ ಹಿಡಿದು ಹೋದೆ. ದುಡ್ಡಿಗೆ ಕೈ ಚಾಚಲಿಲ್ಲ. ಅವರ ತಲೆಯ ಮೇಲಿದ್ದ ಗೂಟಕ್ಕೆ ಚೀಲ ತೂಗುಹಾಕಿದೆ.

"ಕಳ್ಳಿ ಕೈಯಾಗ ರೊಕ್ಕ ಕೊಡಬಾರದ್ರಿ ಭಾವಾರ. ನೀವ ಸಂತಿ ಮಾಡ್ಕೊಂಡ ಬರ್ರಿ. ನೀವ ತಂದದ್ದ ನಾ ಅಡಗಿ ಮಾಡಿ ಹಾಕ್ತೇನಿ."

ಅವರಿಗೆ ನಗು ಬಂತು. "ಭಾಳ ಚೊಲೊ ಆತ. ಎಷ್ಟ ಉಳಿತೈತಿ ಅಂತ ಇಡೀ ಮನಿಗೆ ತೋರಸ್ತೇನಿ" ಎಂದರು. ತೋರಿಸಿದರು.

ಮುಂಜಾನೆಯೇ ಇಸ್ತ್ರಿ ಅಂಗಿ ಹಾಕಿಕೊಂಡು ಗಾಡಿಯ ಮೇಲೆ ಹೋದರು. ಮುಂಜಾನೆಯ ಸಂತೆ ಸಾಹುಕಾರರ ಸಂತೆ. ಕಾಯಿಪಲ್ಲೆ ಅವರಂತೆಯೇ ಮಿರಮಿರ ಮಿಂಚುತ್ತಿರುತ್ತದೆ. ಚೌಕಾಶಿ ಮಾಡಿದರೆ ಮರ್ಯಾದೆ ಹೋಗುತ್ತದೆಂದು ಹೇಳಿದಷ್ಟು ಕೊಟ್ಟು ಬಂದಿದ್ದರು. ನಾಲ್ಕು ಹೂಕೋಸು ತಂದಿದ್ದರು, ತಲೆಯಷ್ಟು ದೊಡ್ಡವು. ಮಿರ್ಚಿಭಜಿಯ ಪೊಟ್ಟಣ ತಂದಿದ್ದರು. ಉಪ್ಪಿಲ್ಲ, ಎಣ್ಣೆ ಇಲ್ಲ, ಬೆಳ್ಳುಳ್ಳಿ ಇಲ್ಲ. ಜೋಳವನ್ನಂತೂ ಹೆಮ್ಮೆಯಿಂದ ನನ್ನ ಮುಂದೆ ಇಳಿಸಿದರು. ದಪ್ಪ ದಪ್ಪ ಕಾಳು, ಗುಂಡಗೆ, ನೋಡಲು ಚೆಂದ, ಬೆಲೆಯೂ ಕಮ್ಮಿ. ಹೈಬ್ರಿಡ್ ಜೋಳ. ಜೋಳ ಬಿತ್ತುವುದನ್ನು ಬಿಟ್ಟು ಅಷ್ಟು ವರ್ಷವಾಗಿದ್ದ ಮನೆಯ ಯಜಮಾನ ಮಾತ್ರ ಅದನ್ನು ರೊಟ್ಟಿಗೆ ತರಲು ಸಾಧ್ಯ. ಆ ಹಿಟ್ಟಿಗೆ ಜಿಗಿ ಇರುವುದಿಲ್ಲ. ನಾದಿದರೂ ಹಿಡಿದುಕೊಳ್ಳುವುದಿಲ್ಲ, ಬಡಿದರೆ ಅಂಚು ಸೀಳುತ್ತದೆ, ಹಂಚಿಗೆ ಹಾಕುವಾಗ ಹರಿದು ಬೀಳುತ್ತದೆ.

ಕುದಿಯುವ ನೀರು ಹಾಕಿ, ಒಂದಿಷ್ಟು ಗೋಧಿಹಿಟ್ಟು ಬೆರೆಸಿದರೆ ಆ ಹಿಟ್ಟನ್ನೂ ದಾರಿಗೆ ತರಬಹುದು. ನನಗೆ ಗೊತ್ತಿತ್ತು. ಮಾಡಲಿಲ್ಲ. ತಣ್ಣೀರಿನಲ್ಲಿ ಕಲಸಿ, ಹರಿದದ್ದನ್ನು ಹರಿದ ಹಾಗೆಯೇ ಬೇಯಿಸಿ, ಚೂರುಗಳನ್ನು ಬುಟ್ಟಿಯಲ್ಲಿ ಹಾಕಿ ಇಟ್ಟೆ.

"ಇದೇನ ರೊಟ್ಟಿನೋ, ಹಪ್ಪಳಾನೋ?" ಎಂದರು ಭಾವ.

"ನೀವ ತಂದ ಜ್ವಾಳ್ರಿ" ಎಂದೆ.

ಹೂಕೋಸು ಮೂರನೆಯ ದಿನಕ್ಕೆ ಮುಗಿಯಿತು, ಜೋಳ ನಾಲ್ಕನೆಯ ದಿನಕ್ಕೆ ತಳ ಕಂಡಿತು. ತಮ್ಮ ತಂದಿದ್ದ ಜೋಳದ ಡಬ್ಬಿಯ ಮುಚ್ಚಳವನ್ನು, ಸಂತೆ ಭಾವನ ಕೈಗೆ ಹೋದಂದಿನಿಂದ ನಾನು ತೆಗೆದಿರಲಿಲ್ಲ. ಆಗ ನಾನು ಇನ್ನೊಂದು ಕೆಲಸ ಮಾಡಿದೆ. ನಮ್ಮ ಮನೆಯಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಹೆಂಗಸರು ಉಣ್ಣುತ್ತಿದ್ದೆವು. ಕೊನೆಗೆ ಉಣ್ಣುವವರಿಗೆ ಏನು ಉಳಿಯುತ್ತದೆಂದು ಗಂಡಸರು ಎಂದಾದರೂ ತಿರುಗಿ ನೋಡಿದ್ದಾರೆಯೇ? ನಾನು ಸಾಲನ್ನೇ ತಿರುಗಿಸಿಬಿಟ್ಟೆ. ಮೊದಲು ಮಕ್ಕಳು, ಆಮೇಲೆ ಅತ್ತೆ, ಆಮೇಲೆ ನಾನು ಮತ್ತು ನೆಗೆಣ್ಣಿ. ಹೊಲದಿಂದ ಬಂದವರಿಗೆ ಉಳಿದದ್ದು. ಮೊದಲ ದಿನ ನೆಗೆಣ್ಣಿ ಕೂರಲು ಒಪ್ಪಲಿಲ್ಲ. "ಯವ್ವಾ, ನಿಮ್ಮ ಭಾವಾರ ಕೊಂದ ಹಾಕ್ತಾರ" ಎಂದಳು. ಕೂರಿಸಿ ಬಿಸಿ ರೊಟ್ಟಿ ಹಾಕಿದೆ. ಮದುವೆಯಾಗಿ ಬಂದ ಮೇಲೆ ಹಂಚಿನಿಂದ ಇಳಿದ ರೊಟ್ಟಿಯನ್ನು ಅವಳು ಕೂತು ತಿಂದದ್ದು ಅದೇ ಮೊದಲು. ಹರಿದ ರೊಟ್ಟಿಯಾದರೂ ಬಿಸಿಯಾಗಿತ್ತು. ಮರುದಿನ ನಾನು ಕರೆಯುವ ಮೊದಲೇ ತಟ್ಟೆ ಹಿಡಿದು ಬಂದು ಕೂತಳು. ಗಂಡನಿಗೆ ಏನು ಉಳಿದಿದೆ ಎಂದು ಕೇಳಲೂ ಇಲ್ಲ.

ಭಾವ ಸುಮ್ಮನೆ ಉಂಡರು, ಅಂದರೆ ಸುಮ್ಮನೆ ಹಸಿದರು. ಸಂತೆ ತಾನೇ ಮಾಡಿದ್ದು, ಬಾಯಿ ಬಿಡುವ ಹಾಗಿಲ್ಲ. ಎರಡನೆಯ ವಾರ ಬೇಳೆ ತಂದರು, ಜೋಳ ಮತ್ತೆ ಅದೇ. ಮೂರನೆಯ ವಾರ ಒಳ್ಳೆಯ ಜೋಳ ತಂದರು, ಉಳಿದದ್ದಕ್ಕೆ ದುಡ್ಡಿರಲಿಲ್ಲ. ಸೊಂಟದ ಉಡದಾರ ಸಡಿಲಾಗಿ ಧೋತರ ಜಾರುವುದನ್ನು ನೋಡಿ ನನಗೆ ಎಷ್ಟು ಹಿತವಾಗುತ್ತಿತ್ತೆಂದು ಬರೆದರೆ ಓದುವವರು ನನ್ನನ್ನು ರಾಕ್ಷಸಿ ಅಂದಾರು. ಅನ್ನಲಿ. ಕಳ್ಳಿಗಿಂತ ರಾಕ್ಷಸಿಯೇ ವಾಸಿ.

ಆ ವಾರದಲ್ಲಿಯೇ ಒಂದು ಮಧ್ಯಾಹ್ನ ಅವರ ಗೆಳೆಯರೊಬ್ಬರು ರಾಯಬಾಗದಿಂದ ಬಂದರು, ದೊಡ್ಡ ಕಬ್ಬಿನವರು, ಹೇಳದೆ ಕೇಳದೆ, ನೇರ ಊಟದ ಹೊತ್ತಿಗೆ. ನಮ್ಮ ಕಡೆ ಅದು ತಪ್ಪಲ್ಲ. ಬಂದವರನ್ನು ಕೂರಿಸಿ, ಸಾಕು ಅಂದರೂ ಬಿಡದೆ, ಅರ್ಧ ಅಂದರೆ ಇಡೀ ರೊಟ್ಟಿ ಹಾಕಿ ಉಣಿಸಬೇಕು. ಉಣ್ಣುವವರ ಮುಂದೆ ರೊಟ್ಟಿ ಎಣಿಸುವುದಂತೂ ಎಲ್ಲಿಯೂ ಇಲ್ಲ. ಎಣಿಸಿದರೆ ಮುಖಕ್ಕೆ ಉಗುಳಿದ ಹಾಗೆ. ಭಾವ ಗತ್ತಿನಿಂದ, "ಯವ್ವಾ, ಪಾವಣ್ಯಾರಿಗೆ ಬಿಸಿ ರೊಟ್ಟಿ ತಗೊಂಬಾ" ಎಂದು ಕೂಗಿದರು.

ನಾನು ಬುಟ್ಟಿ ಹಿಡಿದು ಹೊರಗೆ ಬಂದೆ. ಅತಿಥಿಗಳ ತಟ್ಟೆಗೆ ಒಂದು ರೊಟ್ಟಿ ಹಾಕಿ, ಎಲ್ಲರಿಗೂ ಕೇಳುವ ಹಾಗೆ, "ಇದು ಒಂದನೇದ್ರಿ" ಎಂದೆ. ಅವರು ತಲೆ ಎತ್ತಿ ನೋಡಿದರು. ಭಾವನಿಗೆ ಹಾಕಿ, "ಇದು ಎರಡನೇದ್ರಿ" ಎಂದೆ. ಭಾವನ ಕೈ ತಟ್ಟೆಯಲ್ಲಿಯೇ ನಿಂತಿತು. ಮತ್ತೆ ಅತಿಥಿಗಳಿಗೆ, "ಇದು ಮೂರನೇದ್ರಿ. ಇನ್ನ ಮೂರ ಉಳದಾವು. ಆಮ್ಯಾಲ ವಾರದ ಜ್ವಾಳ ಮುಗೀತ್ರಿ" ಎಂದೆ. ದನಿ ಏರಿಸಲಿಲ್ಲ, ನಗಲೂ ಇಲ್ಲ.

ಆ ದೊಡ್ಡ ಮನುಷ್ಯ ತಟ್ಟೆಯಲ್ಲಿದ್ದ ತುಂಡನ್ನು ಹೇಗೋ ನುಂಗಿ, ಲೋಟದ ನೀರಿನಿಂದ ತಟ್ಟೆಯಲ್ಲಿಯೇ ಕೈ ತೊಳೆದುಕೊಂಡರು. "ಹೊಟ್ಟಿ ತುಂಬೇತ್ರಿ" ಎಂದರು. ಭಾವನ ಮುಖದ ನೀರು ಇಳಿದುಹೋಗಿತ್ತು. ಅವರನ್ನು ಕಳಿಸಿ ಬಂದು, ಅಷ್ಟು ವರ್ಷದಲ್ಲಿ ಮೊದಲ ಸಲ, ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ಏನ ಬೇಕಾಗೇತಿ ನಿನಗ? ಹೇಳಿಬಿಡ."

ಆ ಕ್ಷಣಕ್ಕಾಗಿ ನಾನು ಮೂರು ವಾರ ಕಾದಿದ್ದೆ. ಆದರೆ ಏನು ಕೇಳಬೇಕೆಂದು ಸರಿಯಾಗಿ ಯೋಚಿಸಿಯೇ ಇರಲಿಲ್ಲ. ಕಣ್ಣ ಮುಂದೆ ಬಂದದ್ದು ಬೆಲ್ಲದ ಮಣ್ಣು ಒರೆಸುತ್ತಿದ್ದ ತಮ್ಮ.

"ನನ್ನ ತಮ್ಮನ್ನ ಕರ್ಕೊಂಡ ಬರ್ರಿ" ಎಂದೆ.

ಹೋದರು. ಮರುದಿನವೇ ಗಾಡಿ ತೆಗೆದುಕೊಂಡು ಅಥಣಿಯ ಆಚೆಗೆ ಹೋಗಿ, ನನ್ನ ತವರಿನ ಕಟ್ಟೆಯ ಮೇಲೆ ಕೂತು, ಅವರ ಚಹಾ ಕುಡಿದು, ಸಂಜೆಗೆ ನನ್ನ ತಮ್ಮನನ್ನು ಕರೆದುಕೊಂಡೇ ಬಂದರು. ಇಬ್ಬರ ಗಾಡಿಯ ಮೇಲೂ ಜೋಳದ ಚೀಲ. ಅಂಗಳದಲ್ಲಿ ಇಳಿಯುವಾಗಲೇ ನಗುತ್ತಿದ್ದರು. "ಪಾವಣ್ಯಾರಂದ್ರ ಹಿಂಗಿರಬೇಕ ನೋಡ್ರಿ" ಎಂದು ಭಾವ ಅವನ ಬೆನ್ನು ತಟ್ಟಿದರು. ಜೊತೆಗೆ ಕೂತು ಉಂಡರು, ಒಂದೇ ತಂಬಿಗೆಯ ನೀರು ಕುಡಿದರು. ನಾನು ಬಡಿಸುತ್ತಾ ಕಾದೆ. ಈಗ ಹೇಳುತ್ತಾರೆ, ಈ ರೊಟ್ಟಿ ಮುಗಿದ ಮೇಲೆ ಹೇಳುತ್ತಾರೆ, ಕೈ ತೊಳೆದ ಮೇಲೆ ಹೇಳುತ್ತಾರೆ. ಎಲೆ ಅಡಿಕೆ ಹಾಕಿಕೊಂಡು ಮಳೆಯ ಮಾತು ಶುರು ಮಾಡಿದರು.

ನನ್ನ ತಮ್ಮ ಒಳಗೆ ಬಂದು, "ಆದದ್ದ ಆತ ಬಿಡಕ್ಕಾ. ಪಾಪ, ನಮ್ಮನಿ ತನಕ ಬಂದಿದ್ರು" ಎಂದ.

ಕಳ್ಳಿ ಅನ್ನಿಸಿಕೊಂಡವಳು ನಾನು. ಗಂಡಸರಿಬ್ಬರು ಚಹಾ ಕುಡಿದು ಅದನ್ನು ತಮ್ಮತಮ್ಮಲ್ಲೇ ಬಗೆಹರಿಸಿಕೊಂಡಿದ್ದರು. ಆ ಮಾತು ಇನ್ನೂ ಅಂಗಳದಲ್ಲಿಯೇ ಬಿದ್ದಿತ್ತು, ಅದನ್ನು ಎತ್ತಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ತಮ್ಮನ ಮೇಲೂ ಅವತ್ತು ನನಗೆ ಅಷ್ಟೇ ಸಿಟ್ಟು ಬಂತು. ಮರುದಿನ ಅವನು ಹೊರಡುವಾಗ ಚೀಲಗಳನ್ನು ಬೇರೆ ಯಾರಾದರೂ ಕಟ್ಟಲಿ ಎಂದು ಎಮ್ಮೆಯ ಕೊಟ್ಟಿಗೆಗೆ ಹೋಗಿ ಕೂತೆ.

ಮುಂದಿನ ಸಂತೆಗೆ ಭಾವ ಚೀಲವನ್ನು ಗೂಟದಿಂದ ತೆಗೆದು ನನ್ನ ಮುಂದೆ ಹಿಡಿದರು. "ಎಲ್ಲಾ ಸರಿ ಆತಲ್ಲ. ಇನ್ನ ನೀನ ಹೋಗ" ಎಂದರು. ನಾನು ಮುಟ್ಟಲಿಲ್ಲ. "ಏನೂ ಸರಿ ಆಗಿಲ್ರಿ" ಎಂದೆ. ಏನು ಸರಿಯಾಗಿಲ್ಲವೆಂದು ಅವರು ಕೇಳಲಿಲ್ಲ. ಕೇಳಿದರೆ ಹೇಳಿಸಿಕೊಳ್ಳಬೇಕಾಗುತ್ತದೆಂದು ಗೊತ್ತಿತ್ತೇನೋ.

ಹೀಗೆ ಸಂತೆ ಅವರ ಕೊರಳಿಗೇ ಬಿತ್ತು, ವರ್ಷಗಟ್ಟಲೆ. ರೊಟ್ಟಿಯನ್ನು ಆಮೇಲೆ ನಾನು ಎಣಿಸಲಿಲ್ಲ. ಜೋಳ ಚೆನ್ನಾಗಿದ್ದರೆ ಚೆನ್ನಾಗಿಯೇ ಬಡಿದೆ. ಉಣ್ಣುವ ಸಾಲನ್ನು ಮಾತ್ರ ತಿರುಗಿ ಮೊದಲಿನಂತೆ ಮಾಡಲಿಲ್ಲ. ಭಾವನಿಗೆ ಬುದ್ಧಿ ಬಂತೆಂದೇ ಹೇಳಬೇಕು. ಹೊತ್ತು ಮುಳುಗುವಾಗ ಹೋಗುವುದನ್ನು ಕಲಿತರು. ಬದನೆಕಾಯಿ ಒತ್ತಿ ನೋಡುವುದನ್ನು, ಜೋಳ ಬಾಯಲ್ಲಿ ಕಡಿದು ನೋಡುವುದನ್ನು ಕಲಿತರು. ಇಸ್ತ್ರಿ ಅಂಗಿ ಬಿಟ್ಟರು. ಕೊತ್ತಂಬರಿ ಮಾರುವ ಹೆಂಗಸರು, "ಬಂದ್ರವಾ ಸಾವ್ಕಾರ ಸಂತಿ ಚೀಲಾ ಹಿಡ್ಕೊಂಡ" ಎಂದು ನಗುತ್ತಿದ್ದರಂತೆ. ಹಿತ್ತಲ ಹತ್ತಿರದ ಒಂದು ಮಡಿಯ ಕಬ್ಬು ಕಿತ್ತು ಮೆಣಸಿನಕಾಯಿ, ಮೆಂತ್ಯೆ ಹಾಕಿಸಿದರು. ಅತ್ತೆ ತೀರಿಕೊಂಡರು. ಮಕ್ಕಳು ದೊಡ್ಡವರಾದರು. ಭಾವನ ಹಿರಿಯ ಮಗ ಡೇರಿಯ ದುಡ್ಡು, ಕಬ್ಬಿನ ಬಿಲ್ಲು ಎಲ್ಲವನ್ನೂ ತನ್ನ ಫೋನಿಗೆ ಬರುವಂತೆ ಮಾಡಿಕೊಂಡ. ಆಮೇಲೆ ಸಂತೆಯ ದಿನ ಭಾವ ಚೀಲ ಹಿಡಿದು ಮಗನ ಮುಂದೆ ನಿಲ್ಲತೊಡಗಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಕೆಲವು ವರ್ಷದ ಹಿಂದೆ, ಉಳ್ಳಾಗಡ್ಡಿ ಬೆಲೆ ಏರಿದ್ದ ಒಂದು ವಾರ, ಭಾವ ಸಂತೆಯಿಂದ ತಂದ ಚೀಲ ಅರ್ಧವೂ ತುಂಬಿರಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಹೊತ್ತಿಗೆ ಕಟ್ಟೆಯ ಹತ್ತಿರ ಮಂದಿ ಇತ್ತು, ಮಗನ ಗೆಳೆಯರೂ ಇದ್ದರು. ಮಗ ತಮಾಷೆಗೆಂಬಂತೆಯೇ ಶುರು ಮಾಡಿದ.

"ಅಪ್ಪಾ, ಅಷ್ಟ ರೊಕ್ಕಕ್ಕ ಇಷ್ಟ ಬಂತೇನ? ಉಳದದ್ದ ಚಾದಂಗಡ್ಯಾಗ ಹಾರಿಸಿದ್ರ್ಯೋ, ಅಂಗಿ ಕಿಸೇಕ ಇಳಿಸಿದ್ರ್ಯೋ? ವಯಸ್ಸಾದ ಮ್ಯಾಲ ಕೈ ಉದ್ದ ಆಗಾಕತ್ತಾವ ನಿಮ್ಮವು."

ಗೆಳೆಯರು ಗೊಳ್ಳೆಂದು ನಕ್ಕರು. ಭಾವನ ಕಣ್ಣು ಅಂಗಳವನ್ನೆಲ್ಲ ಹುಡುಕಿ, ಎಮ್ಮೆ ಹಿಂಡಿ ಕೊಡ ಹಿಡಿದು ನಿಂತಿದ್ದ ನನ್ನ ಮೇಲೆ ಬಂದು ನಿಂತಿತು. ಚೀಲ ಬಿಚ್ಚಿದವಳು ನಾನು. ಯಾವುದಕ್ಕೆ ಎಷ್ಟಾಗಿರುತ್ತದೆಂದು ನನಗೆ ಗೊತ್ತಿತ್ತು. ಅವರು ಬಸ್ಸಿನ ದುಡ್ಡನ್ನೂ ಉಳಿಸಿ, ಅರ್ಧ ದಾರಿ ನಡೆದು ಬಂದಿದ್ದರೆಂದೂ ಗೊತ್ತಿತ್ತು. ಕಾಲಿನ ಧೂಳು ನೋಡಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಅವರು ಅಡಿಗೆಮನೆಯ ಬಾಗಿಲಿಗೆ ಬಂದರು. ಚೌಕಟ್ಟು ಹಿಡಿದು ನಿಂತರು.

"ನೀನರ ಒಂದ ಮಾತ ಹೇಳಬೇಕಿಲ್ಲ? ನಿನಗ ಗೊತ್ತಿತ್ತ."

"ಹೌದ್ರಿ, ನನಗ ಗೊತ್ತಿತ್ತ" ಎಂದೆ. "ಅವತ್ತ ನಿಮಗೂ ಗೊತ್ತಿತ್ತ. ಚೀಲ ಬರಿದ ಕಳಸಬಾರದಂತ ನಿಮಗ ಗೊತ್ತಿರಲಿಲ್ಲಾ? ಕಾಕಾ ನಕ್ಕಾನಂತ ನನ್ನ ಕಳ್ಳಿ ಮಾಡಿದ್ರಿ."

ಹಂಚಿನ ಮೇಲಿನ ರೊಟ್ಟಿ ಉಬ್ಬಿತು, ತಿರುವಿ ಹಾಕಿದೆ. ಆಮೇಲೆ ಅವರು, ನನಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ, "ತಪ್ಪಾತವಾ" ಎಂದರು.

ಇಷ್ಟು ವರ್ಷ ಕಾದ ಮಾತು. ಬಂದಾಗ ಅದು ನನಗೆ ಸಾಲಲಿಲ್ಲ.

"ಇಲ್ಲಿ ಬ್ಯಾಡ್ರಿ ಭಾವಾರ. ಅಂಗಳದಾಗ ಅಂದಿದ್ರಿ, ಅಂಗಳದಾಗ ಹೋಗಿ ಅನ್ರಿ. ಮುಂಜಾನೆ, ಹಾಲ ಹಾಕಾಕ ಮಂದಿ ಬಂದಾಗ."

ಅವರು ತಲೆ ಅಲ್ಲಾಡಿಸಿ ಹೋದರು. ಮರುದಿನ ಬೆಳಿಗ್ಗೆ ಮಂದಿಯ ನಡುವೆ ಬಂದು ಕೂತರು. ನಾನು ಕೊಡ ಹಿಡಿದು ನಿಂತೆ. ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು, ಎಮ್ಮೆಯ ಮೇವಿನ ಮಾತಾಡಿದರು. ಅದರ ಮರುದಿನವೂ ಹಾಗೆಯೇ. ಇವತ್ತಿನ ತನಕ ಹಾಗೆಯೇ.

ಈಗ ಸಂತೆಯ ಚೀಲ ಭಾವನ ಮಗನ ಹೆಂಡತಿಯ ಕೈಯಲ್ಲಿದೆ. ಭಾವನಿಗೆ ಹಲ್ಲಿಲ್ಲ, ಬಿ.ಪಿ., ಸಕ್ಕರೆ ಎರಡೂ ಇವೆ. ಚಿಕ್ಕೋಡಿಯ ಡಾಕ್ಟರು ಪಥ್ಯದ ಪಟ್ಟಿ ಹೇಳಿದಾಗ ಎದುರಿಗೆ ಕೂತು ಕೇಳಿಸಿಕೊಂಡವಳು ನಾನೇ. ಅವರಿಗೆಂದು ಬೇರೆ ರೊಟ್ಟಿ ಬಡಿಯುತ್ತೇನೆ, ತೆಳ್ಳಗೆ, ಮೆತ್ತಗೆ. ಉಪ್ಪು ಕಮ್ಮಿ ಹಾಕಿ ಪಲ್ಯ ತೆಗೆದಿಡುತ್ತೇನೆ. ಗುಳಿಗೆ ನುಂಗಿದರೋ ಇಲ್ಲವೋ ನೋಡುತ್ತೇನೆ. ಕದ್ದು ಸಿಹಿ ಚಹಾ ಕುಡಿದರೆ ಮಂದಿಯ ಮುಂದೆಯೇ ಬೈಯುತ್ತೇನೆ. ಭಾವನನ್ನು ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವವಳು ಸುತ್ತ ಹತ್ತೂರಿನಲ್ಲಿ ಇಲ್ಲವೆಂದು ಓಣಿಯವರು ಅನ್ನುತ್ತಾರೆ. ನೆಗೆಣ್ಣಿ ನನ್ನ ಕೈ ಹಿಡಿದು ಅಳುತ್ತಾಳೆ.

ಅಕ್ಕರೆಯಲ್ಲ. ಅಂಗಳದಲ್ಲಿ ನಿಂತು ಆ ಮಾತು ಹೇಳುವ ತನಕ ಅವರು ಬದುಕಿರಬೇಕು. ಹೇಳದೆ ಸಾಯಲು ನಾನು ಬಿಡುವುದಿಲ್ಲ. ಇವತ್ತು ಬೆಳಿಗ್ಗೆಯೂ ಮಂದಿ ಹಾಲು ಅಳೆಸಿಕೊಂಡು ಹೋದರು, ಇವರು ಬಾಯಿ ಬಿಡಲಿಲ್ಲ. ನಾನು ಒಳಗೆ ಹೋಗಿ ಎರಡು ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಂದುಕೊಟ್ಟೆ, ಬಟ್ಟಲು ಖಾಲಿಯಾಗುವ ತನಕ ಎದುರಿಗೇ ನಿಂತಿದ್ದೆ.